ಏರುಮಾಡದ ಮೇಲಿಲ್ಲದ ಪೆಟ್ಟಿಗೆ

ಆ ಪೆಟ್ಟಿಗೆಯ ಹೆಸರೆತ್ತಿದರೆ ಈಗಲೂ ನನಗೆ ಹೇಸಿಗೆಯಾಗುತ್ತದೆ. ತಂದವರು ಭಾವ, ಕೇರಳ ಗಡಿಯ ಬಾವಲಿ ಪೇಟೆಯಲ್ಲಿ ಅಂಗಡಿ ಇಟ್ಟಿರುವ ನನ್ನ ಅಕ್ಕನ ಗಂಡ. ಸುತ್ತಲಿನ ಸಣ್ಣ ಯಂತ್ರಗಳ ಸಿಗ್ನಲ್ ಹಿಡಿದು ಇಂಟರ್ನೆಟ್ಟಿಗೆ ದಾಟಿಸುವ ಪೆಟ್ಟಿಗೆ ಅದು. ಯಾರು ಬೇಕಾದರೂ ಕೊಂಡು ಕೂರಿಸಬಹುದು. ಕೆಲಸ ಮಾಡಿದಷ್ಟಕ್ಕೆ ಮೊಬೈಲಿಗೆ ಡಿಜಿಟಲ್ ನಾಣ್ಯ ಬೀಳುತ್ತದೆ. ಬೇಲಿಗೆ ಆನೆ ತಾಗಿದರೆ ಮನೆಯಲ್ಲಿ ಗಂಟೆ ಹೊಡೆಯುವ ಅಲಾರಾಂ ಕೂಡ ಇದರಿಂದಲೇ ನಡೆಯುತ್ತದೆ ಎಂದಾಗ ಅಕ್ಕನ ಮುಖ ಅರಳಿತು. ಕಾಡಂಚಿನ ಗದ್ದೆ ಕಾಯುತ್ತಿದ್ದವಳು ಅವಳು. ಭಾವ ಮಲಗುವುದು ಅಂಗಡಿಯಲ್ಲಿ.

ಜಾಗ ನೋಡಿಕೊಡು ಎಂದರು. ಮೊಬೈಲ್ ಟವರಿನ ಕೆಲಸ ಮಾಡಿದವನು ನಾನು. ಮನೆ ಗುಡ್ಡದ ಮರೆಯಲ್ಲಿದೆ, ಬೇಲಿಯ ಸಿಗ್ನಲ್ ಅಲ್ಲಿಗೆ ಮುಟ್ಟದು. ಗದ್ದೆಯ ಏರುಮಾಡಕ್ಕೆ, ಅಂದರೆ ಮರದ ಮೇಲಿನ ಕಾವಲು ಗುಡಿಸಲಿಗೆ, ಹತ್ತಿ ನೋಡಿದೆ. ಅಲ್ಲಿಂದ ಬೇಲಿಯೆಲ್ಲ ಕಾಣುತ್ತದೆ, ಕರ್ನಾಟಕದ ಕಡೆಯ ಟವರ್ ಸಿಗುತ್ತದೆ, ಸೋಲಾರಿಗೆ ಬಿಸಿಲೂ ಸಾಕು. ಹತ್ತಿರ ಬೇರೆ ಪೆಟ್ಟಿಗೆ ಇಲ್ಲದ್ದರಿಂದ ಹಂಚಿಹೋಗದೆ ನಾಣ್ಯವೂ ಹೆಚ್ಚು. ಇಲ್ಲೇ ಕಟ್ಟಿ ಎಂದು ಹೇಳಿ ಕೆಲಸದ ಮೇಲೆ ಊರು ಬಿಟ್ಟೆ.

ಮರಳಿ ಬಂದಾಗ, ಪೆಟ್ಟಿಗೆಗಳು ಎಲ್ಲಿವೆಯೆಂದು ಮೊಬೈಲಿನಲ್ಲಿ ತೋರಿಸುವ ಮ್ಯಾಪಿನಲ್ಲಿ, ನಮ್ಮ ಗದ್ದೆಯ ಮೇಲೆ ಪೆಟ್ಟಿಗೆ ನಡೆಯುತ್ತಿದೆ ಎಂಬ ಹಸಿರು ಚುಕ್ಕೆ ಇತ್ತು. ಕೊಯ್ಲು ಮುಗಿಯದೆ ಏರುಮಾಡದ ಏಣಿ ಇಳಿಸುವುದು ನಮ್ಮಲ್ಲಿ ಇಲ್ಲ. ಈ ಸಲ ಅಕ್ಕ ಚುಕ್ಕೆಯನ್ನು ನಂಬಿ ಕಾವಲು ಬಿಟ್ಟು, ತೆನೆ ಹಾಲುಗಟ್ಟುವಾಗಲೇ ಏಣಿ ಇಳಿಸಿ, ಮನೆಯ ಹೆಂಚು ಸರಿಮಾಡಲು ಒಯ್ದಿದ್ದಳು. ಪೆಟ್ಟಿಗೆ ಎಲೆಗಳ ಮರೆಯಲ್ಲಿದೆ, ಕೆಳಗಿನಿಂದ ಕಾಣದು ಎಂದು ಭಾವ ಹೇಳಿದ್ದರಂತೆ. ಒಮ್ಮೆ ನೋಡೋಣವೆಂದು ಬೇಲಿಯ ತಂತಿ ಜಗ್ಗಿದೆ. ಗಂಟೆ ಹೊಡೆಯಲಿಲ್ಲ ಎಂದು ಅಕ್ಕ ಮನೆಯಿಂದ ಕೂಗಿದಳು. ಏಣಿ ಹಾಕಿ ಹತ್ತಿದರೆ ಮೇಲೆ ಪೆಟ್ಟಿಗೆಯೇ ಇಲ್ಲ.

ಅದು ಭಾವನ ಅಂಗಡಿಯಲ್ಲಿ, ಬೆಲ್ಲದ ಡಬ್ಬಿಯ ಪಕ್ಕ, ಕುಂಕುಮ ಹಚ್ಚಿಸಿಕೊಂಡು ಮಿಣುಗುತ್ತಿತ್ತು. ಏರುಮಾಡದಲ್ಲಿ ಮಂಜಿಗೆ ಸೋಲಾರ್ ಕೈಕೊಟ್ಟರೆ ನಾಣ್ಯ ನಿಲ್ಲುತ್ತದಂತೆ. ಮ್ಯಾಪಿನಲ್ಲಿ ಅಂಗಡಿಯ ಜಾಗವನ್ನೇ ತೋರಿಸಿದರೆ, ಪೇಟೆಯಲ್ಲಿ ಆಗಲೇ ಇನ್ನೊಂದು ಪೆಟ್ಟಿಗೆ ಇರುವುದರಿಂದ, ನಾಣ್ಯ ಕಡಿಮೆಯಂತೆ. ಹಾಗಾಗಿ ಪೆಟ್ಟಿಗೆ ಇಲ್ಲಿ, ವಿಳಾಸ ಗದ್ದೆಯದು.

"ಮ್ಯಾಪಲ್ಲಿ ಗದ್ದೆಲೇ ಅದೆಯಲ್ಲ, ಬುಡು," ಎಂದು ಭಾವ ಹಲ್ಲು ಕಿರಿದು ಚಾಯ ಮುಂದಿಟ್ಟರು. ಆ ಲೋಟವನ್ನು ನಾನು ಮುಟ್ಟಲಿಲ್ಲ. ಉಂಡ ಮನೆಗೆ ಎರಡು ಬಗೆಯುವವರನ್ನು ಕಂಡಿದ್ದೆ, ಕಟ್ಟಿಕೊಂಡವಳಿಗೇ ಬಗೆಯುವವರನ್ನು ಕಂಡದ್ದು ಅಂದೇ. ಪೆಟ್ಟಿಗೆ ಕಿತ್ತುಕೊಂಡು ಬಂದೆ.

ಎಲ್ಲ ಕೇಳಿ ಅಕ್ಕ ಜಗಲಿಯ ಮೇಲೆ ಕೂತಳು.

"ಗಂಟೆ ಹೊಡ್ದಿಲ್ಲ, ಆನೆ ಬಂದಿಲ್ಲ ಅಂತ ದಿನಾ ಮಬ್ಬಲ್ಲೇ ಹಾಲು ಕರೆಯಕ್ಕೆ ಕೊಟ್ಟಿಗೆಗೆ ಒಬ್ಳೇ ಹೋಯ್ತಿದ್ದೆ," ಎಂದಳು. "ಗಂಟೆ ಹೊಡಿಯಲ್ಲ ಅಂತ ನಿಮ್ ಭಾವಂಗೆ ಗೊತ್ತಿತ್ತು."