ದಿನ ಗೊತ್ತಿಲ್ಲದವರ ಎಡೆ

ಧ್ವನಿವರ್ಧಕಗಳ ಬಾಯಿ ಬಂದಾದ ದಿನ ಉತ್ತರ, ದಕ್ಷಿಣ ಎಂದು ಒಡೆದ ನಮ್ಮ ದೇಶದ ಗಡಿಯಂಚಿನ ಗ್ಯೋದೊಂಗ್ ದ್ವೀಪದ ಜನ ಹಬ್ಬ ಮಾಡಿದರು. ಹಿಂದಿನ ಅಧ್ಯಕ್ಷರು ಉತ್ತರದವರಿಗೆ ಬುದ್ಧಿ ಕಲಿಸುತ್ತೇನೆಂದು ಗಡಿಯುದ್ದಕ್ಕೂ ಧ್ವನಿವರ್ಧಕ ಹಚ್ಚಿಸಿದ್ದರು. ಉತ್ತರದವರೇನು ಕೈಕಟ್ಟಿ ಕೂರುತ್ತಾರೆಯೇ? ಅವರೂ ನೀರಿನಾಚೆಯ ದಡದಲ್ಲಿ ತಮ್ಮವನ್ನು ನಿಲ್ಲಿಸಿ, ತೋಳ ಊಳಿಡುವ ಸದ್ದು, ತಗಡು ಕೆರೆಯುವ ಸದ್ದು, ಹೆಸರೇ ಇಲ್ಲದ ಇನ್ನೆಂಥದೋ ಸದ್ದನ್ನು ಹಗಲೂ ರಾತ್ರಿ ನಮ್ಮ ಮೇಲೆ ಸುರಿದರು. ವರ್ಷವಿಡೀ ಊರಿಗೆ ಊರೇ ನೆಟ್ಟಗೆ ಕಣ್ಣು ಮುಚ್ಚಲಿಲ್ಲ. ದನಗಳು ಕಂದು ಹಾಕಿದವು. ಹೊಸ ಅಧ್ಯಕ್ಷರು ಗೆದ್ದು ಬಂದ ಸ್ವಲ್ಪ ದಿನಕ್ಕೇ ನಮ್ಮ ಕಡೆಯದನ್ನು ನಿಲ್ಲಿಸಿದರು. ಮಾರನೆಯ ದಿನ ಆ ಕಡೆಯದೂ ನಿಂತಿತು. ದೇರ್ಯೊಂಗ್ ಪೇಟೆಯಲ್ಲಿ ಜನ ಒಬ್ಬರಿಗೊಬ್ಬರು ಅಕ್ಕಿಯ ಹೆಂಡ ಕುಡಿಸಿ, ಮನೆಗೆ ಹೋಗಿ ಹಾಡಹಗಲೇ ಮಲಗಿದರು.

ಪೇಟೆಯ ಎಳ್ಳೆಣ್ಣೆ ಅಂಗಡಿಯ ಬುನ್ರೆ ಅಜ್ಜಿ ಮಾತ್ರ ಮುಖ ಊದಿಸಿಕೊಂಡು ಕೂತಿದ್ದಳು. ಸೊಸೆ ಹೇಸುಕ್ ಎಳ್ಳು ಹುರಿಯುತ್ತಾ, ಇವತ್ತಾದರೂ ನೆಮ್ಮದಿಯಾಗಿ ಮಲಗಿ ಅತ್ತೆ ಎಂದಳು.

"ಮಲಗೋಕೆ ಮುಂದೆ ಬೇಕಾದಷ್ಟು ಟೈಮಿದೆ ನಂಗೆ" ಎಂದು ಅಜ್ಜಿ ಕಡ್ಡಿ ಮುರಿದಂತೆ ಹೇಳಿದಳು.

ಅತ್ತೆಯ ಸಿಟ್ಟು ಯಾಕೆಂದು ಸೊಸೆಗೆ ಗೊತ್ತಿತ್ತು. ಊರಿಗೂ ಗೊತ್ತಿತ್ತು, ಊರು ಹಿಂದಿನಿಂದ ನಗುತ್ತಿತ್ತು. ಎಲ್ಲರೂ ಕಿವಿಗೆ ಹತ್ತಿ ತುರುಕಿಕೊಂಡು ಓಡಾಡುತ್ತಿದ್ದ ಆ ವರ್ಷ, ಈ ಮುದುಕಿ ಸಂಜೆಯಾದರೆ ಸಾಕು, ತಂತಿ ಬೇಲಿಯ ಪಕ್ಕದ ಏರಿಯ ಮೇಲೆ ಒಂದು ಹಳೆಯ ಮೀನಿನ ಪೆಟ್ಟಿಗೆ ಬೋರಲು ಹಾಕಿ, ಆಚೆ ದಡಕ್ಕೆ ಮುಖ ಮಾಡಿ ಕೂರುತ್ತಿದ್ದಳು. ಊರ ಮುಖಂಡ ದೊಂಗ್‌ಸಿಕ್ ಒಮ್ಮೆ ಬೈಕು ನಿಲ್ಲಿಸಿ, "ಏನಜ್ಜಿ, ತೋಳದ ಕಚೇರಿ ಇವತ್ತು ರಂಗೇರಿದೆಯಾ?" ಎಂದು ಕಿಚಾಯಿಸಿದ್ದ. ಅಜ್ಜಿ ತಿರುಗಿ ಕೂಡ ನೋಡದೆ ಹೇಳಿದಳು:

"ಆ ಮಿಷನ್ನು ತಾನಾಗೇ ಕೂಗುತ್ತೇನೋ? ಯಾವನೋ ಒಬ್ಬ ಬಂದು ಸ್ವಿಚ್ಚು ಒತ್ತಬೇಕು ತಾನೆ. ಅವನು ನಮ್ಮೂರ ಕಡೆಯವನೇ ಇರ್ತಾನೆ. ನನ್ನ ತಮ್ಮನ ಮೊಮ್ಮಗನೇ ಇರಬಹುದು. ನಿಂಗೇನು ಗೊತ್ತು?"

ದೊಂಗ್‌ಸಿಕ್ ಬಾಯಾಳಿ. ಆದರೂ ಅವತ್ತು ಬೈಕು ಒದ್ದು ಹೊರಟುಹೋದ.

ಎದುರಿಗೆ ಕಾಣುವ ಯೊನ್‌ಬೆಕ್ ಬಯಲೇ ಅವಳ ತವರು. ನಡುವೆ ಇರುವುದು ಒಂದು ಪಟ್ಟಿ ನೀರು, ಎರಡು ದಡದಲ್ಲೂ ಮುಳ್ಳುತಂತಿ. ಆಕಾಶ ತಿಳಿಯಾಗಿದ್ದರೆ ಅಲ್ಲಿ ಸೈಕಲ್ ತುಳಿಯುವವರೂ ಕಾಣುತ್ತಾರೆ. ಎಪ್ಪತ್ತೈದು ವರ್ಷದ ಹಿಂದೆ, ಯುದ್ಧದ ಚಳಿಗಾಲದಲ್ಲಿ ನಮ್ಮ ಸೈನ್ಯ ಹಿಂದೆ ಸರಿಯುತ್ತಿದ್ದಾಗ ಅಪ್ಪ ಮನೆಮಂದಿಯನ್ನೆಲ್ಲ ದೋಣಿಗೆ ಕರೆತಂದ. ಬುನ್ರೆಗೆ ಆಗ ಹನ್ನೆರಡು. ತಮ್ಮ ಮನ್‌ಬೋಕ್‌ಗೆ ಮೂರು. ಜ್ವರ ಬಂದು ರಚ್ಚೆ ಹಿಡಿದಿದ್ದ. ಅಳುವ ಮಗು ದೋಣಿಗೆ ಬೇಡ, ಸದ್ದು ಕೇಳಿ ಗುಂಡು ಹಾರಿಸಿದರೆ ಎಲ್ಲರೂ ಹೋಗುತ್ತೇವೆ ಎಂದು ದೋಣಿಯವನು ಪಟ್ಟು ಹಿಡಿದ. ಅಮ್ಮ ಮಾತಾಡದೆ ಇಳಿದಳು. ಜ್ವರ ಬಿಟ್ಟ ಮೇಲೆ ಮುಂದಿನ ದೋಣಿಗೆ ಬರುತ್ತೇವೆ, ಹೋಗಿರಿ ಎಂದಳು. ಅವಳ ಬೆನ್ನಿನ ಮೇಲೆ ಮನ್‌ಬೋಕ್ ಅಳುತ್ತಲೇ ಇದ್ದ. ನಡುನೀರಿಗೆ ಬಂದರೂ ಕೇಳಿಸುತ್ತಿತ್ತು.

ಮುಂದಿನ ದೋಣಿ ಬರಲೇ ಇಲ್ಲ. ಅಪ್ಪ ಈ ದ್ವೀಪದಲ್ಲಿ ಸಾಯುವವರೆಗೂ ಒಂದು ತುಂಡು ಗದ್ದೆ ಕೊಳ್ಳಲಿಲ್ಲ, ಇನ್ನೇನು ವಾಪಸು ಹೊರಡುವವರು ನಾವು, ಇಲ್ಲೇಕೆ ಬೇರು ಬಿಡಬೇಕು ಎನ್ನುತ್ತಿದ್ದ. ಹಾಗೆ ಹೊರಡುವವರೇ ಸೇರಿ ಕಟ್ಟಿದ ಪೇಟೆ ನಮ್ಮದು. ಬುನ್ರೆ ತನ್ನಂತೆಯೇ ನೀರು ದಾಟಿ ಬಂದವನನ್ನು ಮದುವೆಯಾದಳು, ಎಣ್ಣೆ ಹಿಂಡುವುದು ಕಲಿತಳು, ಒಬ್ಬ ಮಗನನ್ನು ಹೆತ್ತಳು. ಗಂಡ ಹೋದ. ಆಮೇಲೆ, ಹೋಗಬಾರದ ವಯಸ್ಸಿನಲ್ಲಿ ಮಗನೂ ಹೋದ. ಈಗ ಅಂಗಡಿಯಲ್ಲಿ ಅತ್ತೆ ಸೊಸೆ ಇಬ್ಬರೇ, ದಿನಕ್ಕೆರಡು ಸಲ ಜಗಳವಾಡಿಕೊಂಡು ಒಬ್ಬರನ್ನೊಬ್ಬರು ಬಿಟ್ಟಿರಲಾರದೆ ಇದ್ದಾರೆ.

ಗಂಡನಿಗೂ ಮಗನಿಗೂ ಅವರವರು ಹೋದ ದಿನ ನೋಡಿ ಅಜ್ಜಿ ಎಡೆ ಇಡುತ್ತಾಳೆ. ಎಡೆ ಇಡಲು ಸತ್ತ ದಿನ ಬೇಕು. ಯಾರ ದಿನ ಗೊತ್ತಿಲ್ಲವೋ ಅಂಥವರಿಗೆಲ್ಲ ಚಾಂದ್ರಮಾನದ ಒಂಬತ್ತನೆಯ ತಿಂಗಳ ಒಂಬತ್ತನೆಯ ದಿನ. ಬೇರೆ ಊರುಗಳಲ್ಲಿ ಈ ದಿನವನ್ನು ಜನ ಮರೆತೇಬಿಟ್ಟಿದ್ದಾರೆ, ನಮ್ಮ ದ್ವೀಪದಲ್ಲಿ ಮಾತ್ರ ಅವತ್ತು ಮನೆಮನೆಯಲ್ಲೂ ಅಗರಬತ್ತಿಯ ಹೊಗೆ. ಅಮ್ಮನಿಗೂ ಅಜ್ಜಿ ಅವತ್ತೇ ಇಡುತ್ತಾಳೆ, ಅದೂ ಅಮ್ಮನ ವಯಸ್ಸು ನೂರು ದಾಟಿದ ಮೇಲೆ, ಊರವರೆಲ್ಲ ಸೇರಿ ಒಪ್ಪಿಸಿದ ಮೇಲೆ. ಮನ್‌ಬೋಕ್‌ನ ಮಾತೆತ್ತಿದರೆ ಉರಿದುಬೀಳುತ್ತಿದ್ದಳು. ನನಗಿಂತ ಒಂಬತ್ತು ವರ್ಷ ಚಿಕ್ಕವನು, ನಾನೇ ಗುಂಡುಕಲ್ಲಿನ ಹಾಗಿದ್ದೇನೆ, ಅವನಿಗೇನು ಧಾಡಿ ಎನ್ನುತ್ತಿದ್ದಳು. ಅವನು ಹುಟ್ಟಿದ ದಿನ ಪ್ರತಿವರ್ಷ ತಪ್ಪದೆ ಕಡಲಪಾಚಿಯ ಸಾರು ಮಾಡಿ, ಅವನ ಪಾಲಿನದನ್ನು ತಾನೇ ಕುಡಿಯುತ್ತಿದ್ದಳು. ಬದುಕಿರುವವರಿಗೆ ಹುಟ್ಟಿದ ದಿನದ ಸಾರು, ಸತ್ತವರಿಗೆ ಎಡೆ. ಎರಡನ್ನೂ ಒಬ್ಬನಿಗೇ ಮಾಡಲು ಬರುವುದಿಲ್ಲ. ಸಾರು ಮಾಡುತ್ತಿರುವಷ್ಟು ದಿನ ತಮ್ಮ ಇದ್ದಾನೆ ಎಂದು ಅವಳ ಲೆಕ್ಕ.

ಅಧ್ಯಕ್ಷರುಗಳೇನು, ಐದು ವರ್ಷಕ್ಕೊಬ್ಬರಂತೆ ಬಂದು ಹೋದರು. ಒಬ್ಬರು ಉತ್ತರಕ್ಕೆ ಹೋಗಿ ಅಲ್ಲಿಯವನ ಕೈ ಹಿಡಿದು ನಕ್ಕರು, ಅವರ ಹಿಂದೆ ಬಂದವರು ಹಲ್ಲು ಕಡಿದರು. ನಕ್ಕವರ ಕಾಲದಲ್ಲಿ, ಉತ್ತರದ ಬೆಟ್ಟದ ಮೇಲಿನ ಒಂದು ಭವನದಲ್ಲಿ, ಯುದ್ಧದಲ್ಲಿ ಬೇರೆಯಾದ ಮನೆಮಂದಿಯ ಭೇಟಿ ಏರ್ಪಾಡಾಗುತ್ತಿತ್ತು. ಚೀಟಿ ಎತ್ತಿದ ಹಾಗೆ ಹೆಸರು ಎತ್ತುತ್ತಿದ್ದರು. ಬುನ್ರೆಯ ಹೆಸರು ಒಮ್ಮೆಯೂ ಬರಲಿಲ್ಲ. ಪಕ್ಕದ ಅಂಗಡಿಯವಳದು ಬಂತು. ಅವಳು ಅಕ್ಕನನ್ನು ನೋಡಿ ಬಂದವಳು ತಿಂಗಳುಗಟ್ಟಲೆ ಮಾತು ಬಿಟ್ಟು ಕೂತಳು. ಆ ಭವನವನ್ನೇ ಉತ್ತರದವರು ಕೆಡವುತ್ತಿದ್ದಾರೆಂದು ಈಚೆಗೆ ಟಿವಿಯಲ್ಲಿ ತೋರಿಸಿದರು. ಅಜ್ಜಿ ಟಿವಿ ಆರಿಸಿ ಎಳ್ಳು ಕೇರಲು ಕೂತಳು.

ಸದ್ದು ನಿಂತ ಬೇಸಗೆಯ ಕೊನೆಗೆ ಸರ್ಕಾರದ ಕಡೆಯವರು ಊರಿಗೆ ಬಂದರು. ಮುಂದೇನು ಮಾಡಬೇಕು, ಗಡಿಯ ಜನ ಏನು ಹೇಳುತ್ತಾರೆ ಎಂದು ಹೊಸ ಅಧ್ಯಕ್ಷರಿಗೆ ತಿಳಿಯಬೇಕಂತೆ. ಊರ ಸಭಾಮನೆಯಲ್ಲಿ ಬಾಳೆಹಣ್ಣು, ಕಾಫಿ, ಮೈಕು. ಯಾರ ಗದ್ದೆಯ ನೀರು ಯಾರಿಗೆ ಎಂಬುದನ್ನೇ ವರ್ಷಗಟ್ಟಲೆ ಬಗೆಹರಿಸಲಾಗದ ನಮ್ಮ ಗಂಡಸರು ಅವತ್ತು ಇಡೀ ಭೂಗೋಳವನ್ನು ಬಗೆಹರಿಸಿದರು. ಅಮೆರಿಕದವರ ಜೊತೆಗಿನ ಸೈನ್ಯದ ಕವಾಯತು ನಿಲ್ಲಿಸಿದರೆ ಉತ್ತರದವರು ಮೆತ್ತಗಾಗುತ್ತಾರೆ ಎಂದು ಒಬ್ಬ. ನಿಲ್ಲಿಸಿದರೆ ಅಮೆರಿಕದವರು ಗಂಟುಮೂಟೆ ಕಟ್ಟುತ್ತಾರೆ, ಆಮೇಲೆ ನಿನ್ನ ತಲೆ ಕಾಯೋರು ಯಾರು ಎಂದು ಇನ್ನೊಬ್ಬ. ಚೀನಾದವರ ಕೈಕಾಲು ಹಿಡಿಯಬೇಕು ಎಂದವನೊಬ್ಬ. ದೊಂಗ್‌ಸಿಕ್ ಎದ್ದು, ಅಣುಬಾಂಬು ನಾವೂ ಮಾಡಿಕೊಂಡರೆ ಎಲ್ಲ ತಣ್ಣಗಾಗುತ್ತದೆ ಎಂದು ಚಪ್ಪಾಳೆ ಗಿಟ್ಟಿಸಿದ. ಬಂದಿದ್ದ ಅಧಿಕಾರಿ ಯುರಿ, ಮೂವತ್ತು ದಾಟದ ಹೆಣ್ಣುಮಗಳು, ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡಳು.

ಕೊನೆಗೆ ಬುನ್ರೆ ಅಜ್ಜಿ ಸೊಸೆಯ ಭುಜ ಹಿಡಿದು ಎದ್ದಳು. ಮೈಕು ಬೇಡವೆಂದಳು.

"ನಿಮ್ಮ ಅಧ್ಯಕ್ಷರಿಗೆ ಹೇಳಮ್ಮ. ನಂಗೆ ಭೇಟಿ ಬೇಡ, ತಬ್ಕೊಂಡು ಅಳೋದೂ ಬೇಡ. ನನ್ನ ತಮ್ಮ ಇದಾನೋ ಇಲ್ವೋ, ಅಷ್ಟು ಮಾತ್ರ ಕೇಳಿ ಹೇಳಿದ್ರೆ ಸಾಕು."

ಯುರಿ ಬಾಯಿಪಾಠದ ಉತ್ತರವೊಂದನ್ನು ಒಪ್ಪಿಸಿ ಕೂರಬಹುದಿತ್ತು. ಹಾಗೆ ಮಾಡಲಿಲ್ಲ. ವೇದಿಕೆ ಇಳಿದು ಬಂದು ಅಜ್ಜಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

"ಕೇಳೋಣ ಅಂದ್ರೆ ಅವರು ಫೋನೇ ಎತ್ತಲ್ಲ ಅಜ್ಜಿ. ಗಡಿಯಲ್ಲಿ ನಮ್ಮೋರು ದಿನಾ ಬೆಳಗ್ಗೆ ಫೋನ್ ಮಾಡ್ತಾರೆ, ಸಂಜೆ ಮಾಡ್ತಾರೆ. ಎರಡು ವರ್ಷದ ಮೇಲಾಯ್ತು."

"ರಿಂಗಾಗತ್ತಾ?"

"ಆಗತ್ತೆ."

"ಅಲ್ಲಿ ಯಾರಾದ್ರೂ ಕೂತಿರ್ತಾರಾ?"

"ಗೊತ್ತಿಲ್ಲ ಅಜ್ಜಿ. ಅವರಿಗೆ ಈಗ ರಷ್ಯಾದ ಆಸರೆ ಸಿಕ್ಕಿದೆ. ನಾವೇ ಬೇರೆ, ನೀವೇ ಬೇರೆ, ನಮ್ಮ ನಿಮ್ಮ ನಡುವೆ ಮಾತೇ ಇಲ್ಲ ಅಂದ್ಬಿಟ್ಟಿದಾರೆ. ಅಧ್ಯಕ್ಷರು ಯಾವ ದಾರಿ ಹಿಡಿದ್ರೂ ಆ ಕಡೆ ಕೇಳೋ ಕಿವಿ ಇರಬೇಕಲ್ವಾ?"

ಬಾಂಬಿನ ದೊಂಗ್‌ಸಿಕ್ ನೆಲ ನೋಡಿದ. ಅಜ್ಜಿ ಯುರಿಯ ಕೆನ್ನೆ ಸವರಿದಳು, ನಿಜ ಹೇಳಿದೆಯಲ್ಲ, ಒಳ್ಳೇದಾಗಲಿ ಎಂದಳು. ಮನೆಗೆ ನಡೆದು ಬಂದು, ಅಂಗಡಿಯ ಬಾಗಿಲಲ್ಲಿ ನಿಂತು, "ಸ್ವಿಚ್ಚು ಒತ್ತೋಕೆ ಜನ ಇದ್ರು. ಫೋನೆತ್ತೋಕೆ ಇಲ್ವಾ?" ಎಂದಳು. ಹೇಸುಕ್‌ಗೆ ಅತ್ತೆಯ ಮುಖ ನೋಡಲಾಗಲಿಲ್ಲ.

ಆಮೇಲೂ ಅಜ್ಜಿ ಏರಿಗೆ ಹೋಗುವುದು ಬಿಡಲಿಲ್ಲ. ಈಗ ಅಲ್ಲಿ ಕೇಳಲು ಏನೂ ಇರಲಿಲ್ಲ. ಆಚೆ ದಡದಲ್ಲಿ ಒಂದು ಮಗು ಅತ್ತರೂ ಈಚೆಗೆ ಕೇಳಿಸುವಷ್ಟು ನಿಶ್ಶಬ್ದ. ಅವಳು ಕಿವಿಯ ಹಿಂದೆ ಅಂಗೈ ಇಟ್ಟು ಆಲಿಸುತ್ತಾ ಕೂರುತ್ತಿದ್ದಳು, ಕತ್ತಲಾಗುವ ಮೊದಲು ಸೊಸೆ ಬಂದು ಎಬ್ಬಿಸಿಕೊಂಡು ಹೋಗುತ್ತಿದ್ದಳು. ಸುಗ್ಗಿಯ ಹಬ್ಬ ಕಳೆಯಿತು, ಬಾತುಗಳು ಉತ್ತರದಿಂದ ಹಾರಿ ಬಂದು ಕೊಯ್ದ ಗದ್ದೆಗಳಲ್ಲಿ ಇಳಿದವು. ಅಜ್ಜಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಒಂದು ದಿನ ಎಣ್ಣೆ ಸೋಸುತ್ತಿದ್ದ ಹೇಸುಕ್‌ಗೆ, ಇವತ್ತು ಬಿಸಿಲು ಚೆನ್ನಾಗಿದೆ ಎನ್ನುವಷ್ಟೇ ಸಾಧಾರಣವಾಗಿ ಹೇಳಿದಳು:

"ಒಂಬತ್ತನೇ ತಿಂಗಳ ಎಡೆಗೆ ಈ ಸಲ ಒಂದು ಬಟ್ಟಲು ಅನ್ನ ಜಾಸ್ತಿ ಇಡಮ್ಮ."

ಹೇಸುಕ್ ಸೋಸುವುದನ್ನು ನಿಲ್ಲಿಸಿದಳು. "ಸುದ್ದಿ ಏನಾದ್ರೂ ಬಂತಾ ಅತ್ತೆ?"

"ಸುದ್ದಿ ಬರಲ್ಲ ಅನ್ನೋದೇ ಸುದ್ದಿ."

"ಬದುಕಿದ್ರೆ? ಬದುಕಿರೋರಿಗೆ ಎಡೆ ಇಟ್ರೆ ಕೇಡಲ್ವಾ?"

"ನಾನು ಹೋದ್ಮೇಲೆ ಅವನಿಗೆ ಯಾರಿಡ್ತಾರೆ ಹೇಳು. ನೀನು ಅವನ ಮುಖ ಕಂಡಿದ್ಯಾ? ದಿನ ಗೊತ್ತಿಲ್ಲ, ಕೇಳೋರಿಲ್ಲ. ಹಸ್ಕೊಂಡೇ ಅಲೀತಾನೆ." ಅಜ್ಜಿಯ ದನಿ ಅಲ್ಲಿ ಒಡೆಯಿತು. "ಎಲ್ಲ ಅಧ್ಯಕ್ಷರಿಗೂ ಕಾದೆ ಕಣೇ. ಇನ್ನೊಬ್ಬ ಬರೋವರೆಗೆ ನಾನಿರಲ್ಲ."

ಹೇಸುಕ್ ಸೊಸೆಯಾಗಿ ಬಂದ ಹೊಸತರಲ್ಲಿ ಈ ಮನೆಯಲ್ಲಿ ಮೊದಲು ಕಲಿತದ್ದೇ ಆ ಹುಟ್ಟುಹಬ್ಬದ ಸಾರು. ಇನ್ನು ಅದನ್ನು ಮಾಡುವ ಹಾಗಿಲ್ಲ ಎಂದು ನೆನೆದು ಅವಳಿಗೇ ಅಳು ಬಂತು.

ಒಂಬತ್ತನೆಯ ದಿನ ಇಬ್ಬರೂ ಸೇರಿ ಮೇಜು ಹೂಡಿದರು. ಬೆಳ್ಳುಳ್ಳಿ, ಮೆಣಸಿನಕಾಯಿ ಸೋಕಿಸದ ಸಾರು, ಎಳ್ಳೆಣ್ಣೆಯಲ್ಲಿ ಬಾಡಿಸಿದ ಸೊಪ್ಪು, ಒಣಮೀನು, ಬೋರೆ, ಪೇರು. ಮನ್‌ಬೋಕ್‌ಗೆಂದು ಹೇಸುಕ್ ಯೋಚಿಸಿ ಒಂದು ಚಿಕ್ಕ ಬಟ್ಟಲು ಹುಡುಕಿ ತಂದಿದ್ದಳು. ಅಜ್ಜಿ ಅದನ್ನು ತೆಗೆದುಕೊಂಡು ಅಮ್ಮನ ಬಟ್ಟಲಿನ ಪಕ್ಕಕ್ಕೆ ಇಟ್ಟಳು. ಅಮ್ಮನ ಅನ್ನದಲ್ಲಿ ಚಮಚವನ್ನು ನೆಟ್ಟಗೆ ನೆಟ್ಟಳು. ಹಾಗೆ ನೆಟ್ಟರೆ ಸತ್ತವರು ಉಣ್ಣಲು ಕೂತರೆಂದು ಅರ್ಥ. ಚಿಕ್ಕ ಬಟ್ಟಲಿನ ಮೇಲೆ ಇನ್ನೊಂದು ಚಮಚ ಹಿಡಿದ ಅವಳ ಕೈ ಬಹಳ ಹೊತ್ತು ಹಾಗೆಯೇ ನಿಂತಿತು. ಹೇಸುಕ್ ಅಗರಬತ್ತಿ ಹಚ್ಚಿ, ಹೋದವರು ಒಳಗೆ ಬರಲೆಂದು ಬಾಗಿಲನ್ನು ಪೂರ್ತಿ ತೆರೆದಿಟ್ಟು ತಿರುಗುವ ವೇಳೆಗೆ ಆ ಚಮಚವೂ ಅನ್ನದಲ್ಲಿ ನೆಟ್ಟಿತ್ತು.

"ಮನ್‌ಬೋಕಾ, ಸತ್ತಿದ್ರೆ ಬಂದು ಉಣ್ಣು" ಎಂದಳು ಅಜ್ಜಿ. "ಬದುಕಿದ್ರೆ ನಿನ್ನ ಅಕ್ಕನ್ನ ಬೈಕೋ."

ಇಬ್ಬರೂ ಹಣೆ ನೆಲಕ್ಕೆ ಮುಟ್ಟಿಸಿ ನಮಸ್ಕರಿಸಿದರು. ಅಜ್ಜಿಗೆ ಏಳಲು ಸೊಸೆಯ ಕೈ ಬೇಕಾಯಿತು. ಕಾಯುವಷ್ಟು ಹೊತ್ತು ಕಾದರು. ಸಾರು ಆರಿತು, ಅಗರಬತ್ತಿ ಬೂದಿಯಾಯಿತು. ನೀರಿನ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿತ್ತು, ಅತ್ತೆಗೆ ಮೊದಲೇ ಏದುಸಿರು. ಇನ್ನು ಸಾಕೆಂದು ಹೇಸುಕ್ ಬಾಗಿಲು ಮುಚ್ಚಲು ಎದ್ದಳು.

"ತೆಗೆದೇ ಇರ್ಲಿ ಬಿಡೆ" ಎಂದಳು ಅಜ್ಜಿ. "ಮೂರು ವರ್ಷದ ಮಗು. ನಡ್ಕೊಂಡು ಬರೋಕೆ ತಡ ಆಗತ್ತೆ."