ಗೋಡೆಯ ಮೇಲೊಂದು ಚುಕ್ಕಿ

ಸಿಲಿಂಡರ್ ತರುವವನು ಬೆಳಿಗ್ಗೆ ಫೋನ್ ಮಾಡಿ, "ಲೊಕೇಶನ್ ಹಾಕ್ರಿ ಸರ್" ಎಂದ. ಹಾಕಿದೆ. ಅದನ್ನು ನಂಬಿದವನು ಹಿಂದಿನ ಓಣಿಯ ಬೇವಿನ ಮರದ ಬುಡದಲ್ಲಿ ನಿಂತು, ಅಲ್ಲಿಂದಲೇ ಕೂಗಿ ನನ್ನ ಮಾನ ಹರಾಜು ಹಾಕಿದ. ವೆಬ್‌ಸೈಟುಗಳಿಗೆ ನಕಾಶೆ ಮಾಡಿಕೊಡುವುದೇ ನನ್ನ ಹೊಟ್ಟೆಪಾಡು ಎಂಬುದು ಪುಣ್ಯಕ್ಕೆ ಅವನಿಗೆ ಗೊತ್ತಿಲ್ಲ. ನಿಮಗೆ ಹೇಳಬಹುದು, ನಿಮ್ಮ ಹೆಗಲ ಮೇಲೆ ಸಿಲಿಂಡರ್ ಇಲ್ಲ.

ನಕಾಶೆ ಮಾಡಿಸುವವರು ಊರನ್ನು ಇದ್ದಂತೆ ತೋರಿಸು ಎಂದು ಯಾವತ್ತೂ ಕೇಳುವುದಿಲ್ಲ. ಸಾಣಾಪುರದಲ್ಲಿ ಕೋಣೆ ಬಾಡಿಗೆಗೆ ಕೊಡುವವನೊಬ್ಬ, ಕೆರೆಯನ್ನು ತನ್ನ ಬಾಗಿಲಿಗೆ ತುಸು ಸರಿಸಲು ಬರುತ್ತದೆಯೇ ಎಂದ. ನಿವೇಶನ ಮಾರುವ ಇನ್ನೊಬ್ಬ ಕಾರ್ಖಾನೆಗಳ ಜಾಗಕ್ಕೆಲ್ಲ ಹಸಿರು ಬಳಿಸಿದ. ನಾನೂ ಬಳಿದೆ. ಬಣ್ಣ ಬದಲಿಸಲು ಒಂದು ಸಾಲಿನ ಕೋಡ್ ಸಾಕು. ಹೊಗೆ ಬದಲಿಸುವ ಕೋಡನ್ನು ಇನ್ನೂ ಯಾರೂ ಬರೆದಿಲ್ಲ.

ಎಲ್ಲರಿಗಿಂತ ಹೆಚ್ಚು ಕಾಡಿದ ಗಿರಾಕಿ ನನ್ನ ದೊಡ್ಡ ಮಾಮಾ, ಅವ್ವನ ಅಣ್ಣ. ಯಲಬುರ್ಗಾದಲ್ಲಿ ಬೀಜ-ಗೊಬ್ಬರದ ಅಂಗಡಿ. ಎದುರಿನ ಅಂಗಡಿಯವನು ವೆಬ್‌ಸೈಟ್ ಮಾಡಿಸಿದನೆಂದು ಇವನು ಇಡೀ ಮನೆತನಕ್ಕೇ ಒಂದನ್ನು ಮಾಡಿಸಲು ಹೊರಟ. ಅದರೊಳಗೊಂದು ನಕಾಶೆ, ಮನೆತನದ ಪ್ರತಿ ಮನೆಗೂ ಒಂದು ಚುಕ್ಕಿ, ಚುಕ್ಕಿ ಒತ್ತಿದರೆ ರುಮಾಲು ಸುತ್ತಿದ ಯಜಮಾನನ ಫೋಟೊ.

ಮಾಮಾನ ಮನೆ ಮೊದಲು ಒಂದೇ ಮನೆಯಾಗಿತ್ತು. ಅವನೂ ಸಣ್ಣ ಮಾಮಾನೂ ಬೇರೆಯಾದಾಗ ಪಡಸಾಲೆಯ ನಟ್ಟನಡುವೆ ಗೋಡೆ ಎದ್ದಿತು, ಮಾತು ನಿಂತಿತು. ಯಾಕೆ ಬೇರೆಯಾದರು ಎಂಬುದಕ್ಕೆ ನನ್ನ ಬಳಿ ಬೇಕಾದಷ್ಟು ಕತೆಗಳಿವೆ. ಎಲ್ಲವೂ ಬಹಳ ಒಪ್ಪವಾಗಿರುವುದರಿಂದ ಒಂದನ್ನೂ ನಂಬುವುದಿಲ್ಲ. ಗೋಡೆಯನ್ನು ಮಾತ್ರ ಮುಟ್ಟಿ ನೋಡಿದ್ದೇನೆ.

ತೊಡಕಾದದ್ದು ಅಲ್ಲೇ. ನಕಾಶೆಯನ್ನು ದೂರ ಮಾಡಿದಂತೆ ಅಕ್ಕಪಕ್ಕದ ಚುಕ್ಕಿಗಳು ಕೂಡಿ ಒಂದೇ ದುಂಡು ಗುರುತಾಗುತ್ತವೆ. ಚೆಂದ ಕಾಣಲೆಂದು ನಾನೇ ಹಾಗೆ ಹೊಂದಿಸಿದ್ದೆ.

"ಏ, ನಾ ಎಲ್ಲಿ ಹೋದ್ನೋ?" ಎಂದ ದೊಡ್ಡ ಮಾಮಾ.

"ಇಬ್ರೂ ಕೂಡೀರಿ ಮಾಮಾ. ದೂರಿಂದ ನೋಡಿದ್ರ ಹಂಗ ಕಾಣತೈತಿ."

"ಯಾವನ್ ಕೂಡ್ಯಾನ? ಕೋರ್ಟಿಗೆ ಹೋಗಿ ಬ್ಯಾರೆ ಆಗೀವಿ. ಕೂಡಸಾಕ ನಿನ್ನ ಡಬ್ಬಿ ಅದ್ಯಾವ ಜಡ್ಜಲೇ? ನಡುವ ಗ್ವಾಡಿ ಹಾಕು!"

ಹಾಕಿದೆ. ಹೆದ್ದಾರಿಗಿಂತ ದಪ್ಪನೆಯ ಕಪ್ಪು ಗೆರೆ.

ಗಿಣಿಗೇರಾದ ನಮ್ಮ ಮನೆಯಲ್ಲಿ ಅದನ್ನು ಅವ್ವನಿಗೆ ತೋರಿಸಿದೆ. ಬೆರಳಿನಿಂದ ಸರಿಸಿ ಸರಿಸಿ ನೋಡಿದಳು.

"ನಾ ಎಲ್ಲಿ ಅದೀನಿ?"

"ಕೊಟ್ಟ ಹೆಣ್ಮಕ್ಕಳ್ನ ಹಾಕೂದು ಬ್ಯಾಡ ಅಂದಾನ ಮಾಮಾ."

ನಮ್ಮ ಕಡೆ ನಾಗರಪಂಚಮಿಗೆ ಹೆಣ್ಣುಮಗಳು ತಾನಾಗಿ ತವರಿಗೆ ಹೋಗುವಂತಿಲ್ಲ. ಅಣ್ಣನೋ ತಮ್ಮನೋ ಬಂದು ಕರೆಯಬೇಕು. ಗೋಡೆ ಎದ್ದ ಮೇಲೆ, ತಮ್ಮ ಕರೆಯಲಿ ಎಂದು ಅಣ್ಣ, ಅಣ್ಣ ಕರೆಯಲಿ ಎಂದು ತಮ್ಮ. ಯಾರೂ ಬರಲಿಲ್ಲ. ಅವ್ವ ಹಬ್ಬದ ದಿನ ಬಾಗಿಲು ನೋಡುತ್ತ ಉಂಡಿ ಕಟ್ಟುತ್ತಿದ್ದಳು ಎಂದು ಬರೆದರೆ ನಿಮ್ಮ ಕಣ್ಣು ತುಂಬೀತು. ಬಾಗಿಲು ನೋಡುತ್ತಿರಲಿಲ್ಲ. ಇಬ್ಬರನ್ನೂ ಬಾಯಿ ತುಂಬ ಬೈಯುತ್ತ ಕಟ್ಟುತ್ತಿದ್ದಳು.

"ನಂದೊಂದು ಚುಕ್ಕಿ ಹಾಕು."

"ಗಿಣಿಗೇರಾದಾಗ?"

"ಇದು ನಿಮ್ಮಪ್ಪನ ಮನಿ. ಅಲ್ಲಿ ಹಾಕು, ಆ ಗ್ವಾಡಿ ಮ್ಯಾಲ. ಆ ಪಡಸಾಲ್ಯಾಗ ಹುಟ್ಟೀನಿ ನಾ."

ಕೆಂಪು ಚುಕ್ಕಿ ಹಾಕಿದೆ. ಎಷ್ಟು ದೂರ ಮಾಡಿದರೂ ಉಳಿದವುಗಳಲ್ಲಿ ಕರಗದಂತೆ ಹೊಂದಿಸಿದೆ.

ಮರುದಿನವೇ ದೊಡ್ಡ ಮಾಮಾನ ಫೋನು. "ಯಾರ್ನ ಕೇಳಿ ಹಾಕಿದಿ? ಹೆಣ್ಮಕ್ಕಳಿಗೂ ಸಮಪಾಲು ಅಂತ ಕಾಯ್ದೆ ಐತಿ. ಹಿಂಗ ಊರ ಮಂದಿಗೆ ತೋರಿಸಿದ್ರ ನಾಳಿಗೆ ಅದ ಸಾಕ್ಷಿ ಆಗತೈತಿ. ತಗಿ ಅದನ್ನ!"

ಅವನ ಹಿಂದಿನಿಂದ ಇನ್ನೊಂದು ದನಿ: "ಬರೇ ತಗಿ ಅನಬ್ಯಾಡಣ್ಣ, ಈಗಿಂದೀಗ ತಗಿ ಅನ್ನು."

ಅದು ಸಣ್ಣ ಮಾಮಾ. ಇಷ್ಟು ವರ್ಷಗಳ ಮೇಲೆ ಅಣ್ಣನೊಡನೆ ಆಡಿದ ಮೊದಲ ಮಾತು. ಅವರನ್ನು ಕೂಡಿಸಲು ಊರ ಹಿರಿಯರು ಹೇಳಿ ಹೇಳಿ ಸೋತಿದ್ದರು. ಒಡಹುಟ್ಟಿದವಳು ಪಾಲು ಕೇಳಿಯಾಳೆಂಬ ಹೆದರಿಕೆ ಒಂದೇ ರಾತ್ರಿಯಲ್ಲಿ ಆ ಕೆಲಸ ಮುಗಿಸಿತ್ತು.

ನಾನು ಪಾಸ್‌ವರ್ಡ್ ಮರೆತಿದ್ದೇನೆ ಎಂದೆ.

ಆ ಪಂಚಮಿಗೆ ಇಬ್ಬರೂ ಒಂದೇ ಮೋಟರ್‌ಸೈಕಲ್ಲಿನಲ್ಲಿ ಗಿಣಿಗೇರಾಕ್ಕೆ ಬಂದರು. ಹಿಂದೆ ಕೂತವನು ಮುಂದಿನವನ ಹೆಗಲ ಮೇಲೆ ಕೈ ಇಟ್ಟಿದ್ದನೆಂದು ನೆನಪು ಹೇಳುತ್ತದೆ. ನೆನಪಿಗೆ ಇಂಥ ಚಿತ್ರಗಳೆಂದರೆ ಪ್ರಾಣ, ನೀವು ಬಿಟ್ಟುಬಿಡಿ. ಇಳಕಲ್ ಸೀರೆ ತಂದಿದ್ದರು. ಸೀರೆಯ ಮಡಿಕೆಯಲ್ಲಿ, ತವರುಮನೆಯ ಮೇಲಿನ ಹಕ್ಕು ಬಿಟ್ಟಿದ್ದೇನೆ ಎಂದು ಅವ್ವನ ಹೆಸರಿನಲ್ಲಿ ವಕೀಲನಿಂದ ಬರೆಸಿದ ಕಾಗದ.

"ಹಬ್ಬಕ್ಕ ಬಾರವ್ವಾ" ಎಂದ ದೊಡ್ಡವನು.

"ಹಂಗ ಇದಕ್ಕೊಂದು ಸಹಿ" ಎಂದ ಸಣ್ಣವನು.

ಅವ್ವ ಸೀರೆಯನ್ನಷ್ಟೇ ತೆಗೆದುಕೊಂಡಳು. "ಹಬ್ಬದಾಗ ಸಹಿ ಮಾಡಿದ್ರ ತವರಿಗೆ ಛಲೋ ಅಲ್ಲ. ಮುಂದಿನ ವರ್ಷ ನೋಡೂಣು. ನಡೀರಿ, ಹೊತ್ತಾತು."

ಅಂಥ ಶಾಸ್ತ್ರ ಎಲ್ಲಿಯೂ ಇಲ್ಲ. ಆದರೆ ಹೆದರಿದವರಿಗೆ ಎಲ್ಲವೂ ಶಾಸ್ತ್ರವೇ. ಅಂದಿನಿಂದ ಪ್ರತಿ ಪಂಚಮಿಗೆ ಬರುತ್ತಾರೆ: ಹೊಸ ಸೀರೆ, ಹಳೆಯ ಕಾಗದ. "ಚುಕ್ಕಿ ತಗದಿ ಅಂದ್ರ ನೋಡು ಮತ್ತ. ಅದು ಇರೂತನಾ ಕರಿಯಾಕ ಬರ್ತಾರ" ಎನ್ನುತ್ತಾಳೆ ಅವ್ವ. ಪ್ರೀತಿಯೋ ಪಾಲೋ ಎಂದು ಕೇಳಿದರೆ, "ಎರಡೂ ನಂದ" ಎನ್ನುತ್ತಾಳೆ.

ಮತ್ತೆ ಪಂಚಮಿ ಬಂದಿದೆ. ನಾನು ಮಾಮಾಗಳಂಥವನಲ್ಲ, ಕುಷ್ಟಗಿಗೆ ಕೊಟ್ಟ ನನ್ನ ತಂಗಿಯನ್ನು ನಿನ್ನೆಯೇ ಹೋಗಿ ಕರೆತಂದಿದ್ದೇನೆ. ಸಿಲಿಂಡರ್ ಒಳಗೆ ಬಂದ ಮೇಲೆ ಅವಳಿಗೆ ಈ ಕತೆಯನ್ನೆಲ್ಲ ಹೇಳಿ, ನಕಾಶೆ ತೆರೆದು ತೋರಿಸಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿಸಿ, ಗಿಣಿಗೇರಾದ ಈ ಮನೆಯ ಮೇಲೆ ಬೆರಳಿಟ್ಟಳು.

"ಅಣ್ಣಾ, ಇಲ್ಲಿ ನಂದೂ ಒಂದು ಹಾಕು. ನಾನೂ ಇಲ್ಲೇ ಹುಟ್ಟೀನಿ."

ಈ ಮನೆಯನ್ನು ನನ್ನೊಬ್ಬನ ಹೆಸರಿಗೆ ಮಾಡಿಸಲು ಕಚೇರಿಗೆ ಅಲೆಯುತ್ತಿದ್ದೇನೆಂದು ಅವಳಿಗೆ ಯಾರು ಹೇಳಿದರೋ. ಅವ್ವ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತಿದ್ದಳು.

"ಈಗ ನೆಟ್‌ವರ್ಕ್ ಇಲ್ಲ ತಂಗಿ" ಎಂದೆ.

"ಬರೂತನಾ ಕುಂದರ್ತೀನಿ ತಗೋ" ಎಂದು ತಂಗಿ ಕುರ್ಚಿ ಎಳೆದುಕೊಂಡಳು.