ಗಾಳಿಯಿಲ್ಲದ ಭಾನುವಾರ

ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಿಸ್ ಆಗಿದ್ದವಳು ನಾನು. ನಿವೃತ್ತಿಯಾದ ಮೇಲೆ ಸುಮ್ಮನೆ ಮನೆಯಲ್ಲಿ ಇರಬಹುದಿತ್ತು. ನಮ್ಮ ವಿಜಯನಗರದ ರಸ್ತೆಯ ಇಬ್ಬರು ಹೆಂಗಸರು ‘ನಮಗೂ ಚಿತ್ರ ಬರೆಯೋದು ಹೇಳಿಕೊಡಿ’ ಎಂದರು, ನಾನು ಹೂಂ ಅಂದೆ. ಅದು ಬೆಳೆದು ಏಳು ಜನರ ಭಾನುವಾರದ ತರಗತಿಯಾಯಿತು. ನಾಲ್ಕು ಗೋಡೆಗಳ ನಡುವೆ ಹೂದಾನಿ ಬರೆಸುವುದು ನನಗೆ ಶಾಲೆಯಲ್ಲೇ ಸಾಕಾಗಿತ್ತು. ಹಾಗಾಗಿ ಬೆಳಿಗ್ಗೆ ಏಳಕ್ಕೆ ಹೊರಗೆಲ್ಲಾದರೂ ಸೇರುತ್ತಿದ್ದೆವು. ಒಂದು ವಾರ ನಾಗರಬಾವಿಯ ಪಾರ್ಕು, ಇನ್ನೊಂದು ವಾರ ಕೆಂಗೇರಿಯ ರೈಲ್ವೆ ಸ್ಟೇಷನ್ನು. ಎಲ್ಲರ ಕೈಯಲ್ಲೂ ದಪ್ಪ ಹಾಳೆಯ ಒಂದು ಪುಸ್ತಕ. ಒಂದು ಪುಟದಲ್ಲಿ ಚಿತ್ರ, ಎದುರು ಪುಟದಲ್ಲಿ ಅವತ್ತು ಅಲ್ಲಿ ಕಂಡದ್ದು ಕೇಳಿದ್ದು ನಾಲ್ಕು ಸಾಲು.

ಮೂರನೆಯ ವರ್ಷಕ್ಕೆ ನನಗೆ ಭಾನುವಾರ ಬಂತೆಂದರೆ ಸುಸ್ತು. ಮಂಡಿ ನೋವು ಒಂದು ನೆಪ. ನಿಜವಾದ ಕಾರಣ ಬಲಗೈ. ಮೊದಲು ಅದು ಕಾಫಿ ಲೋಟದಲ್ಲಿ ಗೊತ್ತಾಯಿತು. ತುಟಿಗೆ ತರುವಷ್ಟರಲ್ಲಿ ಸೀರೆಯ ಮೇಲೆ ಚೆಲ್ಲುತ್ತಿತ್ತು. ಆಮೇಲೆ ಪೆನ್ಸಿಲು ಹಿಡಿದಾಗಲೂ ನಡುಗತೊಡಗಿತು. ನಮ್ಮ ತಂದೆ ಪಾರ್ಕಿನ್ಸನ್ ಬಂದು ಒಂಬತ್ತು ವರ್ಷ ಮಲಗಿ ಹೋದವರು. ಅವರಿಗೆ ಗಂಜಿ ಕುಡಿಸಿದವಳು ನಾನೇ. ಆದ್ದರಿಂದ ಯಾರಿಗೂ ಹೇಳಲಿಲ್ಲ, ಡಾಕ್ಟರ ಹತ್ತಿರವೂ ಹೋಗಲಿಲ್ಲ. ತರಗತಿಯಲ್ಲಿ ಬರೆದು ತೋರಿಸುವುದನ್ನು ಬಿಟ್ಟೆ. ‘ನನ್ನದನ್ನ ನೋಡಿ ಬರೀಬೇಡಿ, ಮರ ನೋಡಿ ಬರೀರಿ’ ಎಂದು ದೊಡ್ಡ ತತ್ವದ ಹಾಗೆ ಹೇಳಿ, ಕೊಡೆಯ ಹಿಡಿಯನ್ನು ಬಿಗಿಯಾಗಿ ಹಿಡಿದು ಓಡಾಡುತ್ತಿದ್ದೆ. ಬಚ್ಚಿಡುವ ಕೆಲಸವೇ ಕಲಿಸುವ ಕೆಲಸಕ್ಕಿಂತ ಹೆಚ್ಚು ದಣಿಸುತ್ತಿತ್ತು.

ಒಂದು ಭಾನುವಾರ ಕೆಂಗೇರಿಯ ಹಳೇ ಊರಿನಲ್ಲಿ ಅರಳಿಕಟ್ಟೆಯ ಎದುರು ಕೂತಿದ್ದೆವು. ಕಟ್ಟೆಯ ಮೇಲೆ ಒಬ್ಬ ಮುದುಕಿ ಹೂ ಕಟ್ಟುತ್ತಿದ್ದಳು. ನಾಗರಬಾವಿಯಲ್ಲಿ ರೂಮು ಮಾಡಿಕೊಂಡು ಲಾ ಓದುತ್ತಿದ್ದ ಹುಡುಗಿಯೊಬ್ಬಳು ನಮ್ಮ ತರಗತಿಯಲ್ಲಿದ್ದಳು. ಒಂದೂವರೆ ಗಂಟೆ ತಲೆಯೆತ್ತದೆ ಆ ಮುದುಕಿಯ ಮುಖವನ್ನು ಬರೆದಿದ್ದಳು. ಅಷ್ಟು ಒಳ್ಳೆಯ ಮುಖವನ್ನು ಅವಳು ಅದುವರೆಗೆ ಬರೆದಿರಲಿಲ್ಲ.

“ಮಿಸ್, ಹಿಂದಿರೋ ಮರದ ಬಣ್ಣ ಬರ್ತಾನೇ ಇಲ್ಲ. ಒಂದೇ ಒಂದ್ಸಲ ಹಾಕಿ ತೋರಿಸಿ, ಪ್ಲೀಸ್” ಎಂದು ಬ್ರಶ್ಶನ್ನು ನನ್ನ ಕೈಗೇ ಕೊಟ್ಟುಬಿಟ್ಟಳು.

ಎಲ್ಲರೂ ನೋಡುತ್ತಿದ್ದರು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಬ್ರಶ್ಶು ಹಾಳೆಗೆ ತಾಗುವ ಮೊದಲೇ ಕೈ ಜಗ್ಗಿತು. ಕಂದು ಬಣ್ಣ ಆ ಮುದುಕಿಯ ಹಣೆಯಿಂದ ಗಲ್ಲದವರೆಗೆ ಉದ್ದಕ್ಕೆ ಎಳೆದುಹೋಯಿತು.

“ಅಯ್ಯೋ, ಗಾಳಿ ಬಂತಲ್ಲ ಪುಟ್ಟಾ, ಹಾಳೆ ಹಾರಿಬಿಡ್ತು” ಎಂದೆ.

“ಪರವಾಗಿಲ್ಲ ಮಿಸ್” ಎಂದಳು ಹುಡುಗಿ. ಕರವಸ್ತ್ರದಿಂದ ಒತ್ತಿದಳು, ಮುಖ ಇನ್ನಷ್ಟು ಕದಡಿತು. ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಿಕೊಂಡಳು.

ವಾಪಸು ಬರುವಾಗ ಮೆಟ್ರೋದಲ್ಲಿ ನನ್ನ ಪಕ್ಕ ಕೂತವರು ತರಗತಿಯ ಹಿರಿಯರು. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಮೂವತ್ತೆಂಟು ವರ್ಷ ಲೇತ್ ಯಂತ್ರದ ಮುಂದೆ ನಿಂತು ಕಬ್ಬಿಣ ಕಡೆದವರು. ಮಾತು ಕಡಿಮೆ. ಎರಡು ಸ್ಟೇಷನ್ ದಾಟಿದ ಮೇಲೆ ಮೆಲ್ಲಗೆ ಹೇಳಿದರು.

“ಗಾಳಿ ಇರ್ಲಿಲ್ಲ ಮೇಡಂ.”

ನಾನು ಕಿಟಕಿಯ ಕಡೆ ತಿರುಗಿದೆ.

“ಎಷ್ಟು ದಿನದಿಂದ?”

“ಒಂದು ವರ್ಷದ ಮೇಲಾಯ್ತು.”

“ಡಾಕ್ಟರಿಗೆ ತೋರ್ಸಿದ್ರಾ?”

“ಇಲ್ಲ. ಏನು ಹೇಳ್ತಾರೋ ಅಂತ ಭಯ.”

ಅವರು ಎಡಗೈಯನ್ನು ನನ್ನ ಮುಂದೆ ಚಾಚಿದರು. ತೋರುಬೆರಳಿನ ತುದಿ ಇರಲಿಲ್ಲ. ಮೂರು ವರ್ಷದಿಂದ ಆ ಕೈಯಲ್ಲೇ ಪುಸ್ತಕ ಹಿಡಿದು ನನಗೆ ತೋರಿಸುತ್ತಿದ್ದರು, ನಾನು ಬೆರಳನ್ನು ನೋಡಿರಲೇ ಇಲ್ಲ.

“ಕಣ್ಣು ಮಂಜಾಗಿತ್ತು. ಹೇಳಿದ್ರೆ ಮೆಷಿನ್ನಿಂದ ತೆಗೆದು ಸ್ಟೋರಿಗೆ ಹಾಕ್ತಾರೆ ಅಂತ ಎರಡು ವರ್ಷ ಮುಚ್ಚಿಟ್ಟೆ. ಹೆಂಡ್ತಿಗೂ ಹೇಳ್ಲಿಲ್ಲ. ಒಂದಿನ ಇದು ಹೋಯ್ತು. ಆಮೇಲೆ ಕಣ್ಣಿಗೆ ಆಪರೇಷನ್ ಮಾಡಿದ್ರು, ಅರ್ಧ ಗಂಟೆ ಕೆಲ್ಸ ಅಷ್ಟೇ. ನಾಳೇನೇ ಹೋಗಿ ಮೇಡಂ. ಬೇಕಿದ್ರೆ ನಾನೂ ಬರ್ತೀನಿ.”

ಅವರನ್ನು ಕರೆದುಕೊಂಡು ಹೋಗಲಿಲ್ಲ. ಒಬ್ಬಳೇ ಹೋದೆ. ಡಾಕ್ಟರು ನೀರಿನ ಲೋಟ ಎತ್ತಿಸಿದರು, ಸುರುಳಿ ಬರೆಸಿದರು, ನಡೆಸಿ ನೋಡಿದರು. ನಮ್ಮ ತಂದೆಗೆ ಬಂದದ್ದು ಇದಲ್ಲ ಎಂದರು. ಬರೀ ನಡುಕ, ಮಾತ್ರೆಯಿಂದ ಸ್ವಲ್ಪ ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ. “ಚಿತ್ರ ಬರೀಬಹುದಾ?” ಎಂದು ಕೇಳಿದೆ. “ಬರೀರಿ. ಮೊದಲಿನ ಥರ ಬರಲ್ಲ” ಎಂದರು. ಆಸ್ಪತ್ರೆಯ ಹೊರಗಿನ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದೆ. ಸಮಾಧಾನವಾಗಬೇಕಿತ್ತು. ಆಗಿದ್ದು ನಿದ್ದೆ ಬರುವಂಥ ಸುಸ್ತು ಮಾತ್ರ.

ಮುಂದಿನ ಭಾನುವಾರ ಕೆಂಗೇರಿ ಸ್ಟೇಷನ್ನಿನಲ್ಲಿ ಎಲ್ಲರೂ ಸೇರಿದಾಗ ಹೇಳಿಬಿಟ್ಟೆ. “ನನ್ನ ಕೈ ನಡುಗುತ್ತೆ. ಅವತ್ತು ಗಾಳಿ ಇರಲಿಲ್ಲ. ನಿನ್ನ ಚಿತ್ರ ಹಾಳು ಮಾಡಿದ್ದು ನಾನೇ ಪುಟ್ಟಾ. ಸುಳ್ಳು ಹೇಳಿದೆ.”

ಹುಡುಗಿ, “ನಂಗೆ ಅವತ್ತೇ ಗೊತ್ತಿತ್ತು ಮಿಸ್. ರೂಮಿಗೆ ಹೋಗಿ ಅತ್ತೆ, ಚಿತ್ರ ಹೋಯ್ತು ಅಂತ. ನಿಮ್ಮ ಮೇಲೂ ಸಿಟ್ಟು ಬಂದಿತ್ತು” ಎಂದಳು. ಆ ಸಿಟ್ಟಿನ ಮಾತು ಕೇಳಿ ನನಗೆ ಹಗುರವೆನಿಸಿತು. ಎಲ್ಲರೂ ಪರವಾಗಿಲ್ಲ ಎಂದಿದ್ದರೆ ತಡೆಯಲಾಗುತ್ತಿರಲಿಲ್ಲವೇನೋ.

ಇಬ್ಬರು ಆಮೇಲೆ ತರಗತಿಗೆ ಬರುವುದನ್ನು ನಿಲ್ಲಿಸಿದರು. ಮನೆಯಲ್ಲಿ ಕೆಲಸ ಎಂದರು. ನಾನು ಕೆದಕಿ ಕೇಳಲಿಲ್ಲ. ಉಳಿದ ಐವರಿಗೆ ಈಗ ಬಾಯಲ್ಲಿ ಕಲಿಸುತ್ತೇನೆ. ‘ನೀರು ಜಾಸ್ತಿ ಮಾಡು, ಬ್ರಶ್ಶು ಮಲಗಿಸು, ಸಾಕು ನಿಲ್ಲಿಸು’ ಎಂದು ನಾನು ಹೇಳಿದರೆ ಹುಡುಗಿ ಎಲ್ಲರೆದುರು ಬರೆದು ತೋರಿಸುತ್ತಾಳೆ. ನನ್ನ ಪುಸ್ತಕದಲ್ಲಿಯೂ ಒಂದೊಂದು ಪುಟ ತುಂಬುತ್ತಿದೆ. ನಾನು ಬರೆದ ಕಂಬಗಳೆಲ್ಲ ಅಲುಗಿದ ಹಾಗೆ ಕಾಣುತ್ತವೆ. ನೋಡಿದರೆ ಈಗಲೂ ಬೇಸರವಾಗುತ್ತದೆ.

ಕಳೆದ ವಾರ ಮತ್ತೆ ಸ್ಟೇಷನ್ನಿಗೆ ಹೋಗಿದ್ದೆವು. ಪ್ಲಾಟ್‌ಫಾರಂ ಚಾವಣಿಯ ನೆರಳು ನೀಲಿಯೋ ಬೂದು ಬಣ್ಣವೋ ಎಂದು ಲೇತ್ ಯಜಮಾನರಿಗೂ ನಮ್ಮ ರಸ್ತೆಯ ಹೆಂಗಸರಲ್ಲಿ ಒಬ್ಬರಿಗೂ ಜೋರು ವಾದ ಹತ್ತಿತು. ತೀರ್ಪು ಹೇಳಲು ಯಾರೂ ನನ್ನನ್ನು ಕರೆಯಲಿಲ್ಲ. ಕಲ್ಲುಬೆಂಚಿಗೆ ಒರಗಿ, ಕೈಗಳನ್ನು ಮಡಿಲಲ್ಲಿ ಬಿಟ್ಟು, ರೈಲು ಬರುವವರೆಗೆ ಕಣ್ಣು ಮುಚ್ಚಿಕೊಂಡೆ.